ಬಿಳಿ ಮುಸುಕಿನ ಜೋಳದ ಶುದ್ಧೀಕರಣ

ಬದುವಿನ ಒಂದು ಕಡೆ ಬಿಳಿ ಮುಸುಕಿನ ಜೋಳ, ಇನ್ನೊಂದು ಕಡೆ ಹಳದಿ ಮುಸುಕಿನ ಜೋಳ ಬೆಳೆದು, ಕೊಯ್ಲಿನ ಹೊತ್ತಿಗೆ ಬಿಳಿಯ ತೆನೆಗಳಲ್ಲಿ ಅಲ್ಲಲ್ಲಿ ಹಳದಿ ಕಾಳು ಕಾಣಿಸಿಕೊಂಡು, ಹಳದಿಯ ತೆನೆಗಳು ಮಾತ್ರ ಅಪ್ಪಟ ಹಳದಿಯಾಗಿಯೇ ಹೊಳೆಯುತ್ತಿದ್ದರೆ, ಬೆರಕೆಯಾದದ್ದು ಯಾರ ಬೀಜ ಎಂದು ನೀವು ತೀರ್ಪು ಕೊಡುವಿರಿ? ಅವಸರ ಬೇಡ. ಯೋಚಿಸಿ ಉತ್ತರಿಸಿದವರಿಗೆ ನಮ್ಮ ಸೀಮೆಯಲ್ಲಿ ವಿಶೇಷ ಮರ್ಯಾದೆಯೇನೂ ಇಲ್ಲ. ಯೋಚಿಸದೆ ಉತ್ತರಿಸಿದವರಿಗೆ ಶಾಲು ಹೊದಿಸುವ ವ್ಯವಸ್ಥೆಯಿದೆ.

ನಾನು ಮಧುಗಿರಿಯ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪದವಿಯ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಪರವಾಗಿ ಮಾತನಾಡು ಎಂದರೆ ಪರವಾಗಿ, ವಿರೋಧವಾಗಿ ಎಂದರೆ ವಿರೋಧವಾಗಿ ಮಾತನಾಡಿ ಗೆದ್ದ ಫಲಕಗಳು ಅಮ್ಮನ ಮನೆಯ ಗಾಜಿನ ಬೀರುವಿನಲ್ಲಿ ಈಗಲೂ ಧೂಳು ತಿನ್ನುತ್ತಿವೆ. ಆ ಅಭ್ಯಾಸದಿಂದ ನನ್ನಲ್ಲಿ ಒಂದು ನಂಬಿಕೆ ಬೇರೂರಿತು: ಆಧಾರಸಹಿತವಾಗಿ, ಕ್ರಮಬದ್ಧವಾಗಿ, ಧ್ವನಿಯೇರಿಸದೆ ವಾದಿಸಿದರೆ ಸತ್ಯ ಗೆದ್ದೇ ಗೆಲ್ಲುತ್ತದೆ. ಮೈಕು ಯಾರ ಕೈಯಲ್ಲಿದೆ ಎಂಬುದು ಮುಖ್ಯವಲ್ಲ ಎಂದು ನಾನು ಬಹಳ ಕಾಲ ಭಾವಿಸಿದ್ದೆ. ಈ ನಂಬಿಕೆಯ ಬಲದಿಂದಲೇ ಭಾನುವಾರಗಳಲ್ಲಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳನ್ನು ಸುತ್ತಿ, ನಾಟಿ ಬೀಜ ಉಳಿಸಿ ಎಂದು ಹೇಳುತ್ತಿದ್ದೆ. ಹಾಗೆ ಸುತ್ತುವವರದ್ದೇ ಒಂದು ಬೀಜ ಸಮಿತಿಯಿತ್ತು. ಅದಕ್ಕೊಂದು ಬೀಜದ ಕೋಠಿ, ಎಂದರೆ ನಾಟಿ ಬೀಜ ಕೂಡಿಡುವ ಕೋಣೆ, ಇತ್ತು. ಸಮಿತಿಯಲ್ಲಿ ಒಬ್ಬ ಮಹಿಳೆ ಇರಲೇಬೇಕೆಂದು ಯಾರೋ ಬರೆದಿಟ್ಟಿದ್ದರಿಂದ ನಾನೂ ಇದ್ದೆ.

ನನ್ನ ಚಿಕ್ಕವ್ವ, ಎಂದರೆ ಅಮ್ಮನ ತಂಗಿ, ದೊಡ್ಡೇರಿಯ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಹೊಲವನ್ನು ಅವಳ ಮೈದುನ ನೋಡಿಕೊಳ್ಳುತ್ತಿದ್ದರೂ ಬದುವಿಗೆ ಅಂಟಿದ ಒಂದು ಪಟ್ಟಿಯನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಅವಳು ಬೆಳೆಯುತ್ತಿದ್ದದ್ದು ಬಿಳಿ ಮುಸುಕಿನ ಜೋಳ. ಮದುವೆಯಾಗಿ ಹೊರಟಾಗ ಅಜ್ಜಿ ಮಡಿಲು ತುಂಬುತ್ತ ಅಕ್ಕಿಯ ಜೊತೆಗೆ ಹಾಕಿದ ಹಿಡಿ ಬೀಜದ ಸಂತತಿ ಅದು. ಹಾಲುಗಾಳಿನ ಹಂತದಲ್ಲಿ ಕೆಂಡದ ಮೇಲೆ ಸುಟ್ಟರೆ ಬೇರೆ ಯಾವ ಜೋಳಕ್ಕೂ ಇಲ್ಲದ ಒಂದು ತಣ್ಣನೆಯ ಸಿಹಿ ಅದಕ್ಕಿದೆ. ಅಜ್ಜಿಯ ಊರಿನಲ್ಲಿ ಈಗ ಅದನ್ನು ಯಾರೂ ಬೆಳೆಯುವುದಿಲ್ಲ. ನಾನು ಸುತ್ತಿದ ಊರುಗಳಲ್ಲಿಯೂ ನನಗೆ ಸಿಕ್ಕಿರಲಿಲ್ಲ.

ಎರಡು ವರ್ಷಗಳ ಹಿಂದಿನ ಮುಂಗಾರಿನಲ್ಲಿ ಮೈದುನ ಅತ್ತಿಗೆಗೆ ಮೆತ್ತಗೆ ಒಂದು ಮಾತು ಹೇಳಿದ. ಮುಂದಿನ ವರ್ಷ ಇಡೀ ಹೊಲಕ್ಕೆ ದಾಳಿಂಬೆ, ಪಟ್ಟಿಯೂ ಸೇರಿ. ಅವಳು ಜಗಳವಾಡಲಿಲ್ಲ. ಅವನ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ, ಅವಳ ಮೊಣಕಾಲುಗಳೂ ಅವನ ಪಕ್ಷವನ್ನೇ ವಹಿಸಿದ್ದವು. ಆದರೆ ನನಗೆ ಫೋನು ಮಾಡಿದಳು.

"ಲೇ ಮಗಾ, ನಿಮ್ದು ಅದೇನೋ ಬೀಜದ ಕೋಠಿ ಐತಂತಲ್ಲ. ನಮ್ಮವ್ವನ ಜೋಳ ಅಲ್ಲಿಗೆ ಸೇರಿಸ್ಕಳವ್ವ. ನನ್ ಕಾಲಕ್ಕೇ ಅದು ಮುಗ್ದೋತು ಅನ್ನಿಸ್ಕಳಾಕೆ ನಂಗಿಷ್ಟ ಇಲ್ಲ."

ಇದಕ್ಕಿಂತ ಸುಲಭದ ಕೆಲಸ ಇನ್ನೇನಿದೆ ಎಂದು ನಾನು ಒಪ್ಪಿಕೊಂಡೆ. ನಶಿಸುತ್ತಿರುವ ಬೀಜ ಒಂದು ಕಡೆ, ನಶಿಸುತ್ತಿರುವ ಬೀಜಗಳನ್ನು ಉಳಿಸಲೆಂದೇ ಹುಟ್ಟಿದ ಸಮಿತಿ ಇನ್ನೊಂದು ಕಡೆ. ಇಬ್ಬರೂ ಪರಸ್ಪರ ಹುಡುಕುತ್ತಿದ್ದಾರೆಂದು ಭಾವಿಸುವುದು ಸಹಜ.

ಆ ವರ್ಷದ ಕೊಯ್ಲಿಗೆ ನಾನೂ ಹೋಗಿದ್ದೆ. ಚಿಕ್ಕವ್ವ ಬದುವಿನ ಮೇಲೆ ಕುಳಿತು ಮೊದಲ ತೆನೆಯ ಮುಸುಕನ್ನು ಸುಲಿದಳು. ಬಿಳಿ ಕಾಳುಗಳ ನಡುವೆ ನಾಲ್ಕೈದು ಕಡೆ ತಿಳಿ ಹಳದಿ ಕಾಳುಗಳು ನಗುತ್ತಿದ್ದವು. ಇನ್ನೊಂದು ಸುಲಿದಳು, ಅದರಲ್ಲಿ ಇನ್ನೂ ಹೆಚ್ಚು. ನಾನು ಬದುವಿನಾಚೆಯ ಹಳದಿ ಜೋಳದತ್ತ ನೋಡಿದೆ. ಚಿಕ್ಕವ್ವನಿಗೆ ಮಾತ್ರ ಸಂಭ್ರಮ.

"ನೋಡವ್ವ, ಊರಮ್ಮ ಅರಿಸ್ನ ಎರಚವ್ಳೆ! ಈ ಸಲ ದೇವ್ರು ಬಂದಾಗ ಈ ಕಡೆಯಿಂದ್ಲೇ ಓಗಿದ್ದು."

"ಅರಿಶಿನ ಅಲ್ಲ ಚಿಕ್ಕವ್ವ, ಅದು ಪರಾಗ. ಪಕ್ಕದ ಹೊಲದ್ದು."

"ಓದಿರೋರ್ಗೆ ದೇವ್ರು ಮಾಡಿದ್ದೆಲ್ಲ ಪಕ್ಕದ್ ಮನೆಯೋರು ಮಾಡಿದಂಗೇ ಕಾಣ್ತದೆ ಬುಡು," ಎಂದು ಅವಳು ಮುಂದಿನ ತೆನೆಗೆ ಕೈಹಾಕಿದಳು.

ಪಕ್ಕದ ಹೊಲದ ಯಜಮಾನರೂ ಬದುವಿನ ಆಚೆ ನಿಂತಿದ್ದರು. ಅವರು ಊರಿನ ಹಿರಿಯರು; ಅವರ ಹಳದಿ ನಾಟಿ ಜೋಳಕ್ಕೆ ಸುತ್ತಮುತ್ತ ಹೆಸರಿತ್ತು, ಹೆಸರಿದೆ ಎಂಬುದನ್ನು ಮರೆಯಲು ಅವರು ಯಾರಿಗೂ ಅವಕಾಶ ಕೊಡುತ್ತಿರಲಿಲ್ಲ. ತೆನೆಯನ್ನು ಕೈಗೆ ತೆಗೆದುಕೊಂಡು, ಮೂಸಿ, ತಿರುಗಿಸಿ ಹಿಂದಕ್ಕೆ ಕೊಟ್ಟರು.

"ಜಾತಿ ಕೆಟ್ಟೋಗದೆ ಕಣಮ್ಮ ನಿನ್ ಜೋಳ. ಇನ್ನಿದು ಕೋಳಿಗೇ ಸೈ."

"ನಿಮ್ದೇ ಬಾವ ಬಂದು ಕೆಡಿಸಿರೋದು," ಎಂದಳು ಚಿಕ್ಕವ್ವ. ಈ ಹೊತ್ತಿಗೆ ಅವಳು ದೇವಿಯನ್ನು ಕೈಬಿಟ್ಟು ನನ್ನ ಪಕ್ಷಕ್ಕೆ ಬಂದಿದ್ದಳು.

"ನಂದಾ? ನೋಡಮ್ಮ, ನಂದು ಹೆಂಗೈತೆ!" ಎಂದು ಅವರು ತಮ್ಮ ಒಂದು ತೆನೆ ಸುಲಿದು ತೋರಿಸಿದರು. ನಿಜಕ್ಕೂ ಒಂದೇ ಒಂದು ಬಿಳಿ ಕಾಳಿಲ್ಲ. ಹಳದಿ ಎಂದರೆ ಹಳದಿ. ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು ಎಂಬಂತೆ ಅವರು ಹೆಗಲ ಟವೆಲು ಕೊಡವಿಕೊಂಡರು.

ಇಲ್ಲಿ ನಾನು ತರಗತಿಯಲ್ಲಿ ಹೇಳುವುದನ್ನು ಸ್ವಲ್ಪ ಹೇಳಬೇಕಾಗುತ್ತದೆ. ಮುಸುಕಿನ ಜೋಳದ ತೆನೆಯ ತುದಿಯಲ್ಲಿ ಜೋತಾಡುವ ಕೂದಲಿದೆಯಲ್ಲ, ಅದರ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಗಿಡದ ನೆತ್ತಿಯ ಸೂಲಂಗಿಯಿಂದ ಗಾಳಿಗೆ ಉದುರಿದ ಪರಾಗದ ಕಣವೊಂದು ಎಳೆಯ ಮೇಲೆ ಬಿದ್ದರೆ, ಅದು ತನ್ನ ಎರಡು ವೀರ್ಯಕೋಶಗಳನ್ನು ಎಳೆಯೊಳಗಿನಿಂದಲೇ ಕೆಳಕ್ಕೆ ಸಾಗಿಸುತ್ತದೆ. ಒಂದು ಕೋಶ ತಾಯಿಯ ಅಂಡವನ್ನು ಸೇರಿ ಭ್ರೂಣವಾಗುತ್ತದೆ. ಮುಂದಿನ ಗಿಡ ಅದು. ಇನ್ನೊಂದು ಕೋಶ ತಾಯಿಯ ಕಡೆಯ ಎರಡು ಕೋಶಕೇಂದ್ರಗಳನ್ನು ಸೇರಿ ಭ್ರೂಣದ ಬುತ್ತಿಯಾಗುತ್ತದೆ. ಪಠ್ಯಪುಸ್ತಕ ಇದನ್ನು ಭ್ರೂಣಾಹಾರ ಎನ್ನುತ್ತದೆ. ನಾವು ರೊಟ್ಟಿ ತಟ್ಟಿ ತಿನ್ನುವುದು ಈ ಬುತ್ತಿಯನ್ನೇ. ಅಂದರೆ ಬುತ್ತಿಯಲ್ಲಿ ತಾಯಿಯದು ಎರಡು ಪಾಲು, ತಂದೆಯದು ಒಂದು. ಮೊದಮೊದಲು ಅದರೊಳಗೆ ಗೋಡೆಗಳೇ ಇರುವುದಿಲ್ಲ. ಕೋಶಕೇಂದ್ರಗಳೆಲ್ಲ ಒಂದೇ ಅಂಗಳದಲ್ಲಿ ತೇಲಾಡುತ್ತಿರುತ್ತವೆ. ಆಮೇಲೆ ಗೋಡೆಗಳೇಳುತ್ತವೆ, ಪಿಷ್ಟ ತುಂಬುತ್ತದೆ, ಹಾಲು ಗಟ್ಟಿಯಾಗುತ್ತದೆ. ನಮ್ಮ ಮನೆಗಳಲ್ಲಿ ಗೋಡೆಯೆದ್ದ ಮೇಲೆ ಇಷ್ಟು ಫಲವತ್ತಾದ ಕೆಲಸ ನಡೆದದ್ದನ್ನು ನಾನು ಕಂಡಿಲ್ಲ.

ಹಳದಿ ಬಣ್ಣ ಹುಟ್ಟಲು ಈ ಬುತ್ತಿಯೊಳಗೆ ಒಂದು ಕಿಣ್ವ ಬೇಕು. ಬಿಳಿ ಜೋಳದ ಕಾಳಿನಲ್ಲಿ ಆ ಕಿಣ್ವದ ಜೀನು ಇದ್ದೂ ಮೌನವಾಗಿರುತ್ತದೆ. ಹಳದಿ ಜೋಳದ ಪರಾಗ ಬಂದರೆ ಅದರ ಜೊತೆಗೆ ಮಾತನಾಡುವ ಒಂದು ಪ್ರತಿ ಬರುತ್ತದೆ; ಆ ಕಾಳು ಅದೇ ಹಂಗಾಮಿನಲ್ಲಿ, ತಾಯಿಯ ತೆನೆಯ ಮೇಲೆಯೇ, ತಿಳಿ ಹಳದಿಯಾಗಿ ನಿಲ್ಲುತ್ತದೆ. ಅದರ ಪಕ್ಕದ ಬಿಳಿ ಕಾಳಿಗೆ ಬಿಳಿಯ ಪರಾಗವೇ ಸಿಕ್ಕಿದೆ ಎಂದು ಅದರ ಬಣ್ಣವೇ ಸಾಕ್ಷಿ ಹೇಳುತ್ತದೆ. ಆದ್ದರಿಂದ ಹಳದಿ ಕಾಳುಗಳನ್ನು ಆರಿಸಿ ತೆಗೆದರೆ ಉಳಿದ ಬಿಳಿ ಕಾಳಿಗೆ ಪಕ್ಕದ ಹೊಲದ ಸೋಂಕಿಲ್ಲ.

ಈಗ ಬದುವಿನ ಆಚೆ ನೋಡಿ. ಗಾಳಿ ಒಂದೇ ದಿಕ್ಕಿಗೆ ಬೀಸುವ ಪಣ ತೊಟ್ಟಿರಲಿಲ್ಲ. ಚಿಕ್ಕವ್ವನ ಜೋಳದ ಪರಾಗವೂ ಆಚೆಗೆ ಹೋಗಿದೆ. ಆದರೆ ಹಳದಿಯ ಎಳೆಗೆ ಬಿಳಿಯ ಪರಾಗ ಬಿದ್ದರೆ, ತಾಯಿಯ ಎರಡು ಪ್ರತಿಗಳೂ ಮಾತನಾಡುತ್ತಿರುವುದರಿಂದ ಕಾಳು ಹಳದಿಯಾಗಿಯೇ ಉಳಿಯುತ್ತದೆ. ಒಳಗೆ ಬಂದ ಬಿಳಿ ಭ್ರೂಣದಲ್ಲಿ ಅಡಗಿ ಕುಳಿತು ಮುಂದಿನ ಬೆಳೆಯನ್ನು ಕಾಯುತ್ತದೆ. ಬೆರಕೆ ಎರಡು ಕಡೆಯೂ ಆಗಿದೆ. ಒಂದು ಕಡೆ ಮಾತ್ರ ಅದು ಮುಖಕ್ಕೆ ಬಂದಿದೆ. ನಮ್ಮ ಸಮಾಜದಲ್ಲಿ ಇಂಥ ಸಂದರ್ಭದಲ್ಲಿ ಯಾರ ಮುಖಕ್ಕೆ ಬಂದಿದೆಯೋ ಅವರನ್ನೇ ಪಂಚಾಯಿತಿಗೆ ಕರೆಸುವುದು ರೂಢಿ.

ಕರೆಸಿದ್ದು ಮಧುಗಿರಿಗೆ. ಬೆಟ್ಟದ ಕೆಳಗಿನ ಕಲ್ಯಾಣ ಮಂಟಪದಲ್ಲಿ ಸಮಿತಿಯ ಬೀಜ ಮೇಳ ನಡೆಯಿತು. ಚಿಕ್ಕವ್ವ ಎರಡು ದಿನ ಮೊರ ಹಿಡಿದು ಕುಳಿತು, ಹಳದಿ ಕಾಳುಗಳನ್ನೆಲ್ಲ ಆರಿಸಿ, ಅಪ್ಪಟ ಬಿಳಿ ಬೀಜದ ಒಂದು ಚೀಲ ಕಟ್ಟಿಕೊಂಡು ಬಂದಿದ್ದಳು. ಜೊತೆಗೆ ತೋರಿಸಲೆಂದು ನಾಲ್ಕು ತೆನೆ. ಅವುಗಳಲ್ಲಿ ಹಳದಿ ಚುಕ್ಕೆಗಳು ಇದ್ದೇ ಇದ್ದವು. ಮುಚ್ಚಿಡುವುದು ಬೇಡ ಎಂದು ನಾನೇ ಹೇಳಿದ್ದೆ. ಪಾರದರ್ಶಕತೆಯ ಬಗ್ಗೆ ನಾನು ಕಾಲೇಜಿನಲ್ಲಿ ಬಹುಮಾನ ಪಡೆದವಳು.

ಸಮಿತಿಯ ಅಧ್ಯಕ್ಷರು ನಿವೃತ್ತ ವಿಜ್ಞಾನ ಶಿಕ್ಷಕರು. ಎರಡು ವೀರ್ಯಕೋಶಗಳ ಆ ಇಮ್ಮಡಿ ನಿಷೇಚನೆಯನ್ನು ಎಷ್ಟೋ ತಂಡಗಳಿಗೆ ಬಾಯಿಪಾಠ ಮಾಡಿಸಿದವರು. ತೆನೆಯನ್ನು ನೋಡಿದೊಡನೆ ಅವರು ಕೈ ಹಿಂದಕ್ಕೆ ತೆಗೆದುಕೊಂಡರು, ಮುಟ್ಟಲೂ ಇಲ್ಲ.

"ಇದು ಬೆರಕೆ ಆಗಿದೆ ಮೇಡಂ."

"ತೆನೆಯಲ್ಲಿ ಬೆರಕೆ ಕಾಳುಗಳಿವೆ ಸರ್. ಚೀಲದಲ್ಲಿ ಇಲ್ಲ. ಅವುಗಳನ್ನು ಆರಿಸಿ ತೆಗೆದಿದ್ದಾರೆ."

"ಆರಿಸಿ ತೆಗೆದ್ರೆ? ಒಂದೇ ದಿಂಡಿನ ಮೇಲೆ ಒಟ್ಟಿಗೇ ಬೆಳ್ದಿಲ್ವಾ?"

"ಒಟ್ಟಿಗೆ ಬೆಳೆದರೆ ಏನಾಗುತ್ತದೆ ಸರ್? ಬಣ್ಣ ಕಾಳಿನಿಂದ ಕಾಳಿಗೆ ಅಂಟುವುದಿಲ್ಲ."

"ಅಂಟೋದು ಬೇರೆ ಮೇಡಂ, ಶುದ್ಧಿ ಬೇರೆ," ಎಂದರು ಅಧ್ಯಕ್ಷರು. ವಿಜ್ಞಾನದ ಇಂಥ ಶಾಖೆಯೊಂದಿದೆಯೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಸಹಪಂಕ್ತಿಯಲ್ಲಿ ಕುಳಿತದ್ದಕ್ಕೆ ಬಿಳಿ ಕಾಳಿಗೆ ಮೈಲಿಗೆಯಾಗಿತ್ತು.

ನಾನು ವೇದಿಕೆಗೆ ಹೋಗಿ ಐದು ನಿಮಿಷ ಕೇಳಿದೆ, ಮೂರು ಕೊಟ್ಟರು. ಪರಾಗ, ಎಳೆ, ಎರಡು ಪಾಲು, ಒಂದು ಪಾಲು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಕಾಳಿನೊಳಗೆ ಕೆಲವು ಜೀನುಗಳ ಮೇಲೆ ರಾಸಾಯನಿಕ ಗುರುತು ಬಿದ್ದು, ತಂದೆಯ ಪ್ರತಿ ಬಾಯಿ ಮುಚ್ಚಿಕೊಂಡು ತಾಯಿಯ ಪ್ರತಿ ಮಾತ್ರ ಕೆಲಸ ಮಾಡುವುದುಂಟು ಎಂದೂ ಉತ್ಸಾಹದಲ್ಲಿ ಸೇರಿಸಿದೆ. ಮುಂದಿನ ಸಾಲಿನ ಗಂಡಸರು ಮುಸುಕಿನ ಜೋಳದ ಕಡೆಗೆ ಅನುಮಾನದಿಂದ ನೋಡತೊಡಗಿದರು. ಕೊನೆಗೆ, "ಹಳದಿ ಜೋಳವೂ ಅಷ್ಟೇ ಬೆರಕೆಯಾಗಿದೆ, ಕಾಣುತ್ತಿಲ್ಲ ಅಷ್ಟೇ. ಬಿತ್ತಿ ನೋಡಿದರೆ ತಿಳಿಯುತ್ತದೆ. ಬದುವಿನ ಹತ್ತಿರದ ಸಾಲುಗಳ ಬೀಜವನ್ನಾದರೂ ಹಂಚಬೇಡಿ," ಎಂದು ಮುಗಿಸಿದೆ.

ತಾವೂ ಬೀಜ ತಂದಿದ್ದ ಹಳದಿ ಜೋಳದ ಯಜಮಾನರು ಎದ್ದುನಿಂತು ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟರು. "ಕಾಣದೇ ಇರೋ ಬೆರಕೆನ ಈಯಮ್ಮ ಹೆಂಗಪ್ಪಾ ಕಂಡ್ಲು?"

ಸಭೆ ಚಪ್ಪಾಳೆಯಿಂದ ತುಂಬಿತು. ಚರ್ಚಾಸ್ಪರ್ಧೆಯ ನಿಯಮದಂತೆ ಚಪ್ಪಾಳೆಗೆ ಅಂಕವಿಲ್ಲ. ಮಧುಗಿರಿಯಲ್ಲಿ ಆ ನಿಯಮ ಜಾರಿಗೆ ಬಂದಿಲ್ಲ. ಅವರಿಗೆ ಶುದ್ಧ ತಳಿ ಸಂರಕ್ಷಕರೆಂದು ಶಾಲು ಹೊದಿಸಿದರು. ಅವರ ಬೀಜವನ್ನು ನಾಲ್ಕೂ ತಾಲ್ಲೂಕಿನ ಬೆಳೆಗಾರರಿಗೆ ಹಂಚುವುದೆಂದು ಅಲ್ಲಿಯೇ ಘೋಷಿಸಿದರು.

ಅಧ್ಯಕ್ಷರು ಕಟುಕರಲ್ಲ. ಚಿಕ್ಕವ್ವ ಚೀಲವನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕುಳಿತದ್ದನ್ನು ಕಂಡು ಅವರ ಮನಸ್ಸು ಕರಗಿತು.

"ಬೇಜಾರು ಮಾಡ್ಕೊಬೇಡಿ ಅಮ್ಮ. ಒಂದು ಅವಕಾಶ ಕೊಡೋಣ. ಬಿತ್ತನೆಗೆ ಮುಂಚೆ ಬೀಜಾಮೃತದಲ್ಲಿ ಅದ್ದೋ ಪದ್ಧತಿ ಇದ್ಯಲ್ಲ, ಅದನ್ನೇ ಈಗ ಮಾಡ್ಬಿಡೋಣ. ಗಂಜಲ, ಸಗಣಿ, ಸುಣ್ಣ. ಶುದ್ಧ ಆದ್ಮೇಲೆ ಕೋಠಿಗೆ ಸೇರಿಸ್ಕೋತೀವಿ."

ನಾನು ಮತ್ತೆ ಎದ್ದೆ. ಬೀಜಾಮೃತ ರೋಗಕ್ಕೆ ಹಚ್ಚುವುದು, ವಂಶಾವಳಿಗೆ ಹಚ್ಚುವುದಲ್ಲ ಎಂದೆ. ಹಚ್ಚಿದ ಮೇಲೆ ನೆರಳಲ್ಲಿ ಆರಿಸಿ ಬಿತ್ತಬೇಕು, ಕೂಡಿಡಬಾರದು ಎಂದೆ. ಸಮಿತಿ ಮತಕ್ಕೆ ಹಾಕಿತು. ನನ್ನ ಪರವಾಗಿ ನಾನು ಕೈಯೆತ್ತಿದೆ. ಚಿಕ್ಕವ್ವನಿಗೆ ಮತವಿರಲಿಲ್ಲ, ಇದ್ದಿದ್ದರೂ ಅವಳು ಅವರಿಗೇ ಹಾಕುತ್ತಿದ್ದಳೇನೋ. ಕೋಠಿಗೆ ಸೇರಿಸಿಕೊಳ್ಳುತ್ತೇವೆ ಎಂದ ಒಂದು ಮಾತು ಅವಳಿಗೆ ಸಾಕಾಗಿತ್ತು.

"ನೀನು ಸುಮ್ಕಿರವ್ವ," ಎಂದು ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನೇ ಗದರಿಸಿದಳು. "ಗಂಜಲ ತಾನೆ? ದೇವ್ರಿಗೇ ಎರಿತಾರೆ. ಜೋಳಕ್ಕೇನು ಬ್ಯಾನೆ? ಒಳಿಕ್ಕೆ ಸೇರಿಸ್ಕಂಡ್ರಲ್ಲ, ಅದು ನೋಡು."

ಶುದ್ಧೀಕರಣ ನಡೆದ ವಾರ ನಾನು ಪರೀಕ್ಷೆಯ ಕೆಲಸಕ್ಕೆ ತುಮಕೂರಿಗೆ ಹೋಗಿದ್ದೆ. ಬಂದಮೇಲೆ ಕೇಳಿ ತಿಳಿದದ್ದು ಇಷ್ಟು. ಡ್ರಮ್ಮಿನಲ್ಲಿ ಬೀಜಾಮೃತ ಕಲಸಿ, ಚೀಲದ ಬೀಜವನ್ನೆಲ್ಲ ಸುರಿದು, ಸೋಂಕು ಗಾಢವಾಗಿದೆ ಎಂಬ ಕಾರಣಕ್ಕೆ ಬೆಳಗಿನಿಂದ ಸಂಜೆಯವರೆಗೆ ನೆನೆಯಿಟ್ಟಿದ್ದಾರೆ. ಫೋಟೋ ತೆಗೆಸಿಕೊಂಡಿದ್ದಾರೆ. ಆಮೇಲೆ ಒದ್ದೆ ಬೀಜವನ್ನು ಪ್ಲಾಸ್ಟಿಕ್ ಒಳಪದರದ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಕೋಠಿಯೊಳಗೆ ಇಟ್ಟು ಬೀಗ ಹಾಕಿದ್ದಾರೆ. ಬೀಗದ ಕೈ ಅಧ್ಯಕ್ಷರ ಜೇಬು ಸೇರಿ ಯಾವುದೋ ಮದುವೆಗೆ ಹೊರಟುಹೋಗಿದೆ.

ಒಣಗಿದ ಕಾಳು ಸತ್ತದ್ದಲ್ಲ, ಮಲಗಿದ್ದು. ತಾಯಿಗಿಡದ ಮೇಲಿರುವಾಗಲೇ ಒಂದು ಹಾರ್ಮೋನು ಅದನ್ನು ತಟ್ಟಿ ಮಲಗಿಸುತ್ತದೆ, ನೀರಿನಂಶ ಇಳಿಯುತ್ತದೆ, ಒಳಗಿನ ಪ್ರೋಟೀನುಗಳು ಒಣಗಿನಲ್ಲೂ ಕೆಡದಂತೆ ಕಾವಲು ಕುಳಿತುಕೊಳ್ಳುತ್ತವೆ. ನೀರು ತಾಗಿದೊಡನೆ ಭ್ರೂಣ ಬೇರೊಂದು ಹಾರ್ಮೋನನ್ನು ಕಳಿಸಿ ಬುತ್ತಿಯ ಹೊರಪದರವನ್ನು ಎಬ್ಬಿಸುತ್ತದೆ. ಅಲ್ಲಿಂದ ಕಿಣ್ವಗಳು ಹರಿದು ಪಿಷ್ಟವನ್ನು ಕರಗಿಸಿ ಸಕ್ಕರೆ ಮಾಡುತ್ತವೆ. ಮೊಳಕೆ ಹೊರಬರುತ್ತದೆ. ಒಮ್ಮೆ ಎದ್ದ ಕಾಳಿಗೆ ಮತ್ತೆ ಮಲಗು ಎಂದು ಹೇಳುವ ಅಧಿಕಾರ ಯಾವ ಸಮಿತಿಗೂ ಇಲ್ಲ.

ಬೀಗ ತೆಗೆದಾಗ ಹುಳಿ ವಾಸನೆ ಬಾಗಿಲಿಗೆ ಬಂದು ನಮ್ಮನ್ನು ಎದುರುಗೊಂಡಿತು. ಚೀಲದ ಬಾಯಿ ಬಿಚ್ಚಿದರೆ ಬೆಳ್ಳಗೆ ಮೊಳಕೆ, ಮೊಳಕೆಯ ಮೇಲೆ ಹಸಿರು ಬೂಷ್ಟು. ಕೈ ಹಾಕಿದರೆ ಬಿಸಿ. ಅಧ್ಯಕ್ಷರು ಕರವಸ್ತ್ರವನ್ನು ಮೂಗಿಗೆ ಹಿಡಿದು ಗಂಭೀರವಾಗಿ ನುಡಿದರು: "ನೋಡಿದ್ರಾ ಮೇಡಂ? ಬೀಜದಲ್ಲೇ ದೋಷ ಇತ್ತು."

ಚಿಕ್ಕವ್ವನಿಗೆ ಈ ಸುದ್ದಿ ಹೇಳಲು ನಾನು ದೊಡ್ಡೇರಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡೆ. ಹೊಲದಲ್ಲಿ ಯಂತ್ರ ದಾಳಿಂಬೆಗೆ ಗುಂಡಿ ತೋಡುತ್ತಿತ್ತು. ಬದುವಿನ ಪಕ್ಕದ ಪಟ್ಟಿಯಲ್ಲಿ ಆಗಲೇ ಕೆಂಪು ಮಣ್ಣಿನ ಗುಡ್ಡೆಗಳೆದ್ದಿದ್ದವು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ಜೋಡಿಸಿದ ವಾಕ್ಯಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

"ಪೂರಾ ಓತಾ?"

"ಪೂರಾ."

ಅವಳು ಎದ್ದು ಒಳಗೆ ಹೋದಳು. ಕೋಪಕ್ಕೋ ದುಃಖಕ್ಕೋ ಎಂದು ತಿಳಿಯದೆ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಹೊರಗೆ ಬಂದಾಗ ಅವಳ ಸೆರಗಿನಲ್ಲಿ ಹತ್ತಿಪ್ಪತ್ತು ತೆನೆಗಳಿದ್ದವು, ಬಹುತೇಕ ಮೋಟುತೆನೆಗಳು. ಹಳದಿ ಜಾಸ್ತಿಯಿದೆ, ನಾಲ್ಕು ಜನರಿಗೆ ತೋರಿಸಿದರೆ ಮಾನ ಹೋಗುತ್ತದೆ ಎಂದು ಮಧುಗಿರಿಗೆ ತಾರದೆ ಬಿಟ್ಟವು.

"ಇದ್ರಾಗೆ ನಿನ್ ಲೆಕ್ದಾಗೆ ಎಷ್ಟು ಬಿಳಿ ಕಾಳು ಸರಿ ಇದಾವೋ ಆರಿಸ್ಕಳವ್ವ. ಅದೇನೋ ಅಂದ್ಯಲ್ಲ ಮೇಳದಾಗೆ, ಬಣ್ಣ ಅಂಟಾಕಿಲ್ಲ ಅಂತ. ನಿಜಾನಾ, ಇಲ್ಲ ಸುಮ್ಕೆ ಅವ್ರ ಮ್ಯಾಲೆ ಗೆಲ್ಲಾಕೆ ಅಂದ್ಯಾ?"

ಚರ್ಚಾಸ್ಪರ್ಧೆಯಲ್ಲಿ ಯಾವ ತೀರ್ಪುಗಾರರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ನಿಜ ಎಂದೆ. ಇಬ್ಬರೂ ಜಗಲಿಯಲ್ಲಿ ಕುಳಿತು ಆರಿಸಿದೆವು. ಕಾಳನ್ನು ಬೆಳಕಿಗೆ ಹಿಡಿದು, ಅನುಮಾನ ಬಂದದ್ದನ್ನು ಕೋಳಿಗೆ ಎಸೆದು, ಕೊನೆಗೆ ಒಂದು ಬಟ್ಟಲು ಬೀಜ ಉಳಿಯಿತು. ಕೋಳಿಗಳು ಅಂದು ಹಬ್ಬ ಮಾಡಿದವು.

ಮುಂದಿನ ಮುಂಗಾರಿನಲ್ಲಿ ಬಟ್ಟಲಿನ ಅರ್ಧವನ್ನು ಜೋಪಾನವಾಗಿ ಎತ್ತಿಟ್ಟು, ಇನ್ನರ್ಧವನ್ನು ಮಧುಗಿರಿಯ ನನ್ನ ಬಾಡಿಗೆ ಮನೆಯ ಹಿತ್ತಲಿನಲ್ಲಿ ಬಿತ್ತಿದೆ. ಸುತ್ತ ಮನೆಗಳು, ಸಿಮೆಂಟು, ಬಂಡೆ. ಹಳದಿ ಜೋಳದ ಗಾಳಿ ಸೋಂಕುವ ಭಯವಿರಲಿಲ್ಲ. ಮನೆಯ ಓನರಮ್ಮ, "ಮೇಡಂ, ಕಾಲೇಜ್ನಾಗೆ ಸಂಬ್ಳ ಸರ್ಯಾಗಿ ಕೊಡ್ತಿಲ್ವಾ?" ಎಂದು ಕಾಳಜಿಯಿಂದ ವಿಚಾರಿಸಿದರು. ತೆನೆ ಕಟ್ಟಿದಾಗ ಚಿಕ್ಕವ್ವನೇ ಬಂದು ಸುಲಿದಳು. ಒಂದು, ಎರಡು, ಇನ್ನೂ ಒಂದು. ಎಲ್ಲವೂ ಬಿಳಿ. ಬೆರಕೆಯ ತೆನೆಯಿಂದ ಬಂದ ಕಾಳಿನಲ್ಲಿ ಒಂದು ಹಳದಿಯೂ ಇಲ್ಲ. ಅವಳು ಒಂದು ಎಳೆಯ ತೆನೆಯನ್ನು ಗ್ಯಾಸ್ ಒಲೆಯ ಮೇಲೆಯೇ ಸುಟ್ಟು, ಕೆಂಡದ ರುಚಿ ಬರಲಿಲ್ಲವೆಂದು ನನ್ನನ್ನು ಬೈದು, ಪೂರ್ತಿ ತಿಂದಳು.

ಅದೇ ತಿಂಗಳು ನನ್ನ ಫೋನಿಗೆ ಚಿತ್ರಗಳು ಬರತೊಡಗಿದವು. ಮೊದಲು ಸಿರಾದ ಕಡೆಯಿಂದ ಒಬ್ಬರು. "ಮೇಡಮ್ಮೋರೆ, ಬಿಲ್ಕುಲ್ ಪ್ಯೂರ್ ಅಂತ ಕೊಟ್ರಲ್ಲ ಹಳದಿ ಬೀಜ, ಇದೇನು ತೆನೆ ತುಂಬ ಬಿಳಿ ಹಲ್ಲು ಕಿರೀತಾವೆ?" ಪಾವಗಡದಿಂದ ಒಬ್ಬರು ವಿಡಿಯೋ ಕಳಿಸಿದರು: "ಇದೇಮಿ ಮೇಡಂ, ಶಾಲು ಹೊದ್ಸಿದ ಜೋಳ ಹಿಂಗಾ ಬರೋದು?" ಆಮೇಲೆ ಚನ್ನರಾಯನದುರ್ಗದ ಕಡೆಯಿಂದಲೂ ಒಂದು ಬಂತು. ಅಡಗಿ ಕುಳಿತಿದ್ದ ಬಿಳಿ, ಇಬ್ಬರು ಅಡಗಿದವರು ಒಂದೇ ಕಾಳಿನಲ್ಲಿ ಭೇಟಿಯಾದ ಕಡೆಗಳಲ್ಲೆಲ್ಲ, ಮುಖ ತೋರಿಸಿತ್ತು. ಬಿತ್ತಿ ನೋಡಿ ಎಂದು ನಾನು ಮೈಕಿನಲ್ಲಿ ಹೇಳಿದ್ದನ್ನು ಅವರು ತಮಗೆ ತಿಳಿಯದೆಯೇ ಪಾಲಿಸಿದ್ದರು.

ಸಮಿತಿ ತುರ್ತು ಸಭೆ ಕರೆಯಿತು. ನಾನು ಹಿತ್ತಲಿನ ಬಿಳಿ ತೆನೆಯನ್ನೂ ಸಿರಾದಿಂದ ತರಿಸಿದ ಶುದ್ಧ ತಳಿಯ ಚುಕ್ಕೆಚುಕ್ಕೆ ತೆನೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಈ ಸಲ ಮಾತು ಬೇಕಾಗುವುದಿಲ್ಲ ಎಂದುಕೊಂಡಿದ್ದೆ. ಅಧ್ಯಕ್ಷರು ಎರಡನ್ನೂ ದೀರ್ಘವಾಗಿ ನೋಡಿದರು. ಹಳದಿ ಜೋಳದ ಯಜಮಾನರೂ ನೋಡಿದರು. ಅವರ ಮುಖದಲ್ಲಿ ನಿಜವಾದ ನೋವಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ನಾನ್ ಮೊದ್ಲೇ ಹೇಳಿರ್ಲಿಲ್ವಾ?" ಎಂದರು ಅವರು. "ಆಯಮ್ಮನ ಬಿಳಿ ಜೋಳ ನನ್ ಜೋಳನ ಕೆಡಿಸ್ಬುಡ್ತು."

ತಲೆಗಳು ತೂಗಿದವು. ತಮ್ಮ ಪರಾಗ ಆಚೆ ಹೋದರೆ ಅದು ಆಚೆಯವರ ದೋಷ. ಆಚೆಯ ಪರಾಗ ತಮ್ಮಲ್ಲಿಗೆ ಬಂದರೂ ಅದು ಆಚೆಯವರ ದೋಷ. ಇಷ್ಟು ಭದ್ರವಾದ ವಾದಸರಣಿಯನ್ನು ನಾನು ಯಾವ ಅಂತರಕಾಲೇಜು ಸ್ಪರ್ಧೆಯಲ್ಲಿಯೂ ಎದುರಿಸಿರಲಿಲ್ಲ. ಸಭೆ ಒಮ್ಮತದಿಂದ ನಿರ್ಣಯ ಅಂಗೀಕರಿಸಿತು: ತಳಿಶುದ್ಧಿಯ ಹಿತದೃಷ್ಟಿಯಿಂದ ಇನ್ನು ಮುಂದೆ ಸಮಿತಿಯ ಕೋಠಿಗೆ ಬಿಳಿ ಮುಸುಕಿನ ಜೋಳವನ್ನು ಸ್ವೀಕರಿಸತಕ್ಕದ್ದಲ್ಲ. ಒಮ್ಮತ ಎಂದರೆ ನನ್ನನ್ನು ಎಣಿಸಲಿಲ್ಲ.

ಈಗ ಪರಿಸ್ಥಿತಿ ಹೀಗಿದೆ. ಚಿಕ್ಕವ್ವನ ಪಟ್ಟಿಯಲ್ಲಿ ದಾಳಿಂಬೆ ಗಿಡಗಳು ಸೊಂಟದೆತ್ತರಕ್ಕೆ ಬಂದಿವೆ. ಕೋಠಿಯ ಬಾಗಿಲು ಮುಚ್ಚಿದೆ. ನನ್ನ ಹಿತ್ತಲಿನ ಬೆಳೆಯಿಂದ ಒಂದು ಸಣ್ಣ ಬುಟ್ಟಿಯಷ್ಟು ಬೀಜ ಬಂದಿದೆ, ಆದರೆ ಮುಸುಕಿನ ಜೋಳ ಕೆಲವೇ ಗಿಡಗಳ ಸಂಸಾರದಲ್ಲಿ ಬಹಳ ಕಾಲ ಬದುಕುವುದಿಲ್ಲ. ಹತ್ತಿರದವರಲ್ಲೇ ಮತ್ತೆ ಮತ್ತೆ ಪರಾಗ ಸುತ್ತಿದರೆ ಎರಡು ಮೂರು ಬೆಳೆಗಳಲ್ಲಿ ಗಿಡ ಕುಗ್ಗುತ್ತದೆ, ತೆನೆ ಮೋಟಾಗುತ್ತದೆ. ಅಪ್ಪಟತನದ ವ್ರತ ಹಿಡಿದ ಸಮಿತಿಗೆ ಇದನ್ನು ವಿವರಿಸುವ ಆಸೆ ನನಗೆ ಉಳಿದಿಲ್ಲ. ಈ ಬೀಜ ಉಳಿಯಬೇಕಾದರೆ ಹಲವು ಹೊಲಗಳಲ್ಲಿ, ಹಲವು ನೂರು ಗಿಡಗಳಾಗಿ ಬೆಳೆಯಬೇಕು. ಹೋದ ವಾರ ಚಿಕ್ಕವ್ವ ಫೋನಿನಲ್ಲಿ ಕೇಳಿದಳು, "ಯಾರಾನ ಸಿಕ್ಕಿದ್ರೇನವ್ವ?" ಎಂದು. ಇನ್ನೂ ಇಲ್ಲ ಎಂದೆ. "ಕೇಳು. ನಾಚ್ಕಬ್ಯಾಡ," ಎಂದಳು.

ಆದ್ದರಿಂದ ಕೇಳುತ್ತಿದ್ದೇನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ನಿಮಗೆ ತುಸು ಜಮೀನಿದ್ದು, ಸುತ್ತ ಕೂಗಳತೆಯಲ್ಲಿ ಬೇರೆ ಮುಸುಕಿನ ಜೋಳವಿಲ್ಲದಿದ್ದರೆ, ಈ ಮುಂಗಾರಿಗೆ ನನ್ನಿಂದ ಹಿಡಿ ಬಿಳಿ ಬೀಜ ತೆಗೆದುಕೊಂಡು ಬಿತ್ತಿ. ಪಕ್ಕದಲ್ಲಿ ಹಳದಿ ಇದ್ದೇ ಇದ್ದರೆ ಅದಕ್ಕಿಂತ ಮೂರು ವಾರ ಹಿಂದೆಯೋ ಮುಂದೆಯೋ ಬಿತ್ತಿ. ತೆನೆಯಲ್ಲಿ ಹಳದಿ ಕಾಳು ಕಂಡರೆ ತೆನೆಯನ್ನು ಎಸೆಯದೆ ಆ ಕಾಳುಗಳನ್ನು ಮಾತ್ರ ಆರಿಸಿ ತೆಗೆಯಿರಿ. ಕೊಯ್ದ ಬೀಜವನ್ನು ಚೆನ್ನಾಗಿ ಒಣಗಿಸಿ, ಅರ್ಧವನ್ನು ನೀವಿಟ್ಟುಕೊಂಡು, ಇನ್ನರ್ಧವನ್ನು ಬೆಳೆಯಲು ಒಪ್ಪುವ ಮತ್ತೊಬ್ಬರಿಗೆ ಕೊಡಿ.